ಅಜ್ಜನ ಕೆಮ್ಮು ಮತ್ತು ಮೂರನೆಯ ಗುಂಡಿ

ಹಾರ್ಮೋನಿಯಂ ಹಿಂದಿನ ಧೂಳು ಹೊಡೆಯಲು ಹೋದವಳಿಗೆ ಇವತ್ತು ಕೈಗೆ ಸಿಕ್ಕಿದ್ದು ನನ್ನ ಮಿಡಿ ಕಂಟ್ರೋಲರ್. ಧೂಳು ಹೊಡೆಯುವ ಕೆಲಸ ಅಲ್ಲಿಗೇ ನಿಂತಿತು. ನಿಲ್ಲಲು ಅದಕ್ಕೊಂದು ನೆಪ ಬೇಕಿತ್ತಷ್ಟೆ. ಮಣೆಯಷ್ಟು ಅಗಲದ ಕಪ್ಪು ಪೆಟ್ಟಿಗೆ, ಅದರ ಮೇಲೆ ಸಾಲಾಗಿ ಎಂಟು ಗುಂಡಿ, ಹಳೆಯ ರೇಡಿಯೋದಲ್ಲಿ ಇರುತ್ತಿದ್ದಂತೆ ಹಿಡಿದು ತಿರುಗಿಸುವಂಥವು. ಏಳು ಗುಂಡಿಗಳು ಬೋಳು ಬೋಳು. ಮೂರನೆಯದರ ನೆತ್ತಿಗೆ ಮಾತ್ರ ಕೆಂಪು ನೈಲ್ ಪಾಲಿಶ್. ಹಚ್ಚಿದ್ದು ನಾನಲ್ಲ. ಯಾರು ಹಚ್ಚಿದರೆಂದು ಹೇಳಬೇಕಾದರೆ ಒಂದು ಸೀಮಂತದ ಕತೆಯನ್ನೂ ಒಂದು ಕೆಮ್ಮಿನ ಕತೆಯನ್ನೂ ಹೇಳಬೇಕು. ನಿಮಗೆ ಪುರುಸೊತ್ತಿದೆ ತಾನೆ? ನನಗಂತೂ ಧೂಳು ಹೊಡೆಯುವುದಿಲ್ಲ ಎಂದಾದ ಮೇಲೆ ಬೇಕಾದಷ್ಟಿದೆ.

ನಾನು ಸಾಗರದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಮಕ್ಕಳು ಕಲಿಯುತ್ತಾರೆಂದು ನಾನು ಹೇಳಲಿಲ್ಲ, ಗಮನಿಸಿ. ಅವರಲ್ಲೊಬ್ಬ ದೊಡ್ಡವನಾದ ಮೇಲೆ ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತೇನೆಂದು ಹೊರಟು, ಈ ಪೆಟ್ಟಿಗೆ ತರಿಸಿ, ವರ್ಷ ತುಂಬುವುದರೊಳಗೆ ಬೇಸರ ಬಂದು ಬಸ್ ಸ್ಟ್ಯಾಂಡಿನ ಹತ್ತಿರ ಕಬ್ಬಿನ ಹಾಲಿನ ಅಂಗಡಿ ಇಟ್ಟ. "ಇಲ್ಲೂ ತಿರುಗ್ಸೋದೇ ಕೆಲ್ಸ ಟೀಚರ್, ಆದ್ರೆ ತಿರುಗ್ಸಿದ್ರೆ ಏನಾದ್ರೂ ಹೊರಗೆ ಬರ್ತದೆ" ಎಂದು ಹೇಳಿ ಪೆಟ್ಟಿಗೆಯನ್ನು ಗುರುಕಾಣಿಕೆಯೆಂದು ನನ್ನ ತಲೆಗೆ ಕಟ್ಟಿದ.

ಅವನ ಮಾತು ಸುಳ್ಳಲ್ಲ. ಈ ಪೆಟ್ಟಿಗೆಯಿಂದ ಸ್ವಂತಕ್ಕೆ ಒಂದು ಸ್ವರವೂ ಹೊರಡುವುದಿಲ್ಲ. ವೈರಿನ ಆಚೆ ಇರುವ ಲ್ಯಾಪ್‌ಟಾಪಿಗೆ ಇದನ್ನು ಏರಿಸು, ಅದನ್ನು ಇಳಿಸು ಎಂದು ಅಪ್ಪಣೆ ಕೊಡುವುದಷ್ಟೇ ಇದರ ಕೆಲಸ. ದುಡಿಯುವುದೆಲ್ಲ ಲ್ಯಾಪ್‌ಟಾಪಿನೊಳಗಿನ ಸಂಗೀತದ ಸಾಫ್ಟ್‌ವೇರ್. ಮೊದಮೊದಲು ನಾನು ಗುಂಡಿಗೊಂದರಂತೆ ಕೆಲಸ ಹಂಚಿದ್ದೆ: ತಬಲದ ಸದ್ದಿಗೆ ಒಂದು, ತಂಬೂರಿಗೆ ಒಂದು, ಎಕೋಗೆ ಒಂದು. ಒಂದೇ ಗುಂಡಿಗೆ ಬೇಕಾದಷ್ಟು ಕೆಲಸಗಳನ್ನು ಒಟ್ಟಿಗೆ ಗಂಟು ಹಾಕಬಹುದೆಂದು ಆಮೇಲೆ ಆ ಹುಡುಗನೇ ತೋರಿಸಿಕೊಟ್ಟ. ಅದೇ ಗುಂಡಿ ತಿರುಗಿದರೆ ತಬಲ ಏರುತ್ತದೆ, ತಂಬೂರಿ ಇಳಿಯುತ್ತದೆ, ಎಕೋ ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಯಾವುದು ಎಲ್ಲಿಂದ ಎಲ್ಲಿಯವರೆಗೆ ಹೋಗಬೇಕು, ಯಾವುದು ಉಲ್ಟಾ ಓಡಬೇಕು, ಎಲ್ಲವನ್ನೂ ಮೊದಲೇ ಹೇಳಿಡಬಹುದು. ಹುಡುಗ ಇದನ್ನು ಭಾರಿ ಹೊಸ ವಿದ್ಯೆ ಎಂಬಂತೆ ವಿವರಿಸುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಇಂಥದ್ದೊಂದನ್ನು ನಾನು ಲಂಗ ಹಾಕುವ ವಯಸ್ಸಿನಲ್ಲೇ ನೋಡಿದ್ದೆ. ಅದು ನಮ್ಮ ಅಜ್ಜನ ಕೆಮ್ಮು.

ಅಜ್ಜನದು ಹೊಸನಗರದ ಪೇಟೆಯಲ್ಲಿ ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹಗಲಲ್ಲೂ ಕತ್ತಲಾಗಿರುವ ಒಂದು ಓಣಿ. ಅಂಗಡಿಯಿಂದ ಮನೆಯೊಳಕ್ಕೆ ಬರುವಾಗ ಅಜ್ಜ ಆ ಓಣಿಯಲ್ಲಿ ಒಂದು ಸಲ ಕೆಮ್ಮುತ್ತಿದ್ದ. ನೆಗಡಿ ಶೀತದ ಕೆಮ್ಮಲ್ಲ, ಯಜಮಾನಿಕೆಯ ಕೆಮ್ಮು. ಮೊದಲು ಗಿಡ್ಡದೊಂದು, ಅದರ ಬೆನ್ನಿಗೆ ಉದ್ದದೊಂದು, ಕೊನೆಗೆ ಸೀಲು ಒತ್ತಿದಂತೆ ಒಂದು 'ಹ್ಞಾಂ'. ಅಷ್ಟಕ್ಕೆ ಮನೆಯೊಳಗೆ ಏನೇನು ಆಗುತ್ತಿತ್ತು ಕೇಳಿ. ರೇಡಿಯೋ ಪಿಸುಮಾತಿಗೆ ಇಳಿಯುತ್ತಿತ್ತು. ಅಜ್ಜಿಯ ಕಾಫಿ ಪಾತ್ರೆ ಒಲೆಗೆ ಏರುತ್ತಿತ್ತು. ಅಮ್ಮನ ಸೆರಗು ಹೆಗಲಿನಿಂದ ಒಂದೇ ಒಂದು ಬೆರಳಿನಷ್ಟು ಮೇಲೆ ಹೋಗುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ರುಬ್ಬುವ ಕಲ್ಲಿನ ಮುಂದೆ ಕೂತು ಸಿನಿಮಾ ಹಾಡು ಹೇಳುತ್ತಿದ್ದ ನನ್ನ ಸೋದರತ್ತೆ ಪದ್ಮತ್ತೆ, ಚರಣದ ನಡುವೆ ಇದ್ದರೂ ಸರಿಯೇ, ಸೊನ್ನೆಗೆ ಬಂದುಬಿಡುತ್ತಿದ್ದಳು. ಅವಳಿಗೆ ಆಗ ಮದುವೆಯಾಗಿರಲಿಲ್ಲ. ಎಲ್ಲರ ಸದ್ದೂ ಇಳಿದರೆ ನನ್ನದು ಮಾತ್ರ ಏರುತ್ತಿತ್ತು. ಅಲ್ಲಿಯವರೆಗೆ ತೂಕಡಿಸುತ್ತಿದ್ದ ನನ್ನ ಮಗ್ಗಿ, ಕೆಮ್ಮು ಕೇಳಿದ್ದೇ ತಡ, ಬಾಲಕ್ಕೆ ಬೆಂಕಿ ಬಿದ್ದಂತೆ ಓಡತೊಡಗುತ್ತಿತ್ತು.

ಆ ಕೆಮ್ಮನ್ನು ನಾನು ಕಲಿತುಬಿಟ್ಟೆ. ಬಚ್ಚಲಲ್ಲಿ ನೀರಿನ ಸದ್ದಿನ ಮರೆಯಲ್ಲಿ ಅಭ್ಯಾಸ ಮಾಡಿ, ಒಂದು ಮಧ್ಯಾಹ್ನ ಓಣಿಯಲ್ಲಿ ನಿಂತು ಪ್ರಯೋಗಿಸಿದೆ. ರೇಡಿಯೋ ಇಳಿಯಿತು, ಕಾಫಿ ಏರಿತು, ಪದ್ಮತ್ತೆ ನಿಂತಳು. ನಾನು ಬಾಯಿಗೆ ಲಂಗದ ಅಂಚು ತುರುಕಿಕೊಂಡು ನಕ್ಕೆ. ಆದರೆ ನಿಜವಾದ ಬೆರಗು ಕಾದಿದ್ದು ಇನ್ನೊಂದು ದಿನ. ಅಜ್ಜ ಮನೆಯೊಳಗೇ ಮಲಗಿದ್ದಾನೆಂಬುದು ತಿಳಿಯದೆ ಕೆಮ್ಮಿದೆ. ಬಾಗಿಲ ಸಂದಿಯಿಂದ ನೋಡಿದರೆ ಅಜ್ಜ ಗಡಬಡಿಸಿ ಎದ್ದು ಕೂತು ನಶ್ಯದ ಡಬ್ಬಿಯನ್ನು ದಿಂಬಿನಡಿ ತಳ್ಳುತ್ತಿದ್ದಾನೆ! ಅವನ ಅಪ್ಪನೂ ಹಾಗೆಯೇ ಕೆಮ್ಮುತ್ತಿದ್ದನಂತೆ. ಅದನ್ನು ಅಜ್ಜಿ ಆಮೇಲೆ ಹೇಳಿದಳು, ನನ್ನ ಕಿವಿ ಹಿಂಡುತ್ತಾ.

ಇಷ್ಟು ತಿಳಿದ ಮೇಲೆ ಇನ್ನು ಪದ್ಮತ್ತೆಯ ವಿಷಯಕ್ಕೆ ಬರಬಹುದು. ಅವಳಿಗೆ ತೀರ್ಥಹಳ್ಳಿಯಲ್ಲಿ ಮದುವೆಯಾಯಿತು, ಕೂದಲು ನೆರೆಯಿತು, ಸಕ್ಕರೆ ಕಾಯಿಲೆ ಬಂತು, ಸಿನಿಮಾ ಹಾಡು ಹೋಗಿ ಶಾಸ್ತ್ರದ ಹಾಡು ಬಂತು. ನಮ್ಮ ಜೈನರ ಮನೆಗಳಲ್ಲಿ ಸೀಮಂತವೆಂದರೆ ಹದಿನಾರು ಕನಸಿನ ಹಾಡು ಬೇಕೇ ಬೇಕು. ತೀರ್ಥಂಕರನನ್ನು ಹೆರುವ ಮುಂಚೆ ತಾಯಿ ಕಂಡ ಕನಸುಗಳವು: ಬಿಳಿಯ ಆನೆಯಿಂದ ಹಿಡಿದು ಹೊಗೆಯಿಲ್ಲದ ಬೆಂಕಿಯವರೆಗೆ. ಒಂದೊಂದು ಕನಸಿಗೆ ಒಂದೊಂದು ನುಡಿ. ಪದ್ಮತ್ತೆ ಒಂದು ಸಾಲು ಹೇಳುತ್ತಾಳೆ, ಹಿಂದೆ ಕೂತ ಹೆಂಗಸರು ಅದನ್ನೇ ತಿರುಗಿ ಹೇಳುತ್ತಾರೆ. ಹಾಡು ಮುಗಿಯುವವರೆಗೆ ಹೇಳುವವಳು ಅನ್ನ ಮುಟ್ಟುವಂತಿಲ್ಲ. ಒಂದು ಕನಸನ್ನೂ ಬಿಡುವಂತಿಲ್ಲ, ಹುಟ್ಟುವ ಮಗುವಿಗೆ ಅಷ್ಟು ಕಡಿಮೆಯಾಗುತ್ತದಂತೆ. ಜೋಡಿ ಮೀನು, ಜೋಡಿ ಕಲಶ ಎರಡನ್ನೂ ಒಂದೇ ನುಡಿಯಲ್ಲಿ ಮುಗಿಸಬಹುದಲ್ಲ ಎಂದು ನನ್ನ ದೊಡ್ಡಪ್ಪನ ಮಗ ಧರಣಣ್ಣ ಒಂದು ಸಲ ಸಲಹೆ ಕೊಟ್ಟು, ಅತ್ತೆ ಅವನ ಜೊತೆ ಮುಂದಿನ ದೀಪಾವಳಿಯವರೆಗೆ ಮಾತು ಬಿಟ್ಟಿದ್ದಳು.

ಇನ್ನೊಂದು ಕಟ್ಟಳೆಯೂ ಇದೆ. ಅತ್ತೆ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮುಳುಗಿತೋ ಮುಗಿಯಿತು, ಮತ್ತೆ ಬೆಳಗಾಗಬೇಕು. ಹಿಂದಿನ ವರ್ಷ ನೆಂಟರ ಮನೆಯ ಸೀಮಂತದಲ್ಲಿ ಹಾಡು ಎಳೆದೂ ಎಳೆದೂ, ಕೊನೆಯ ಕನಸು ಮುಗಿಯುವಾಗ ಹೊರಗೆ ಕತ್ತಲು. ಅತ್ತೆ ಹಸಿದೇ ಮಲಗಿದಳು. ಬೆಳಿಗ್ಗೆ ಬಚ್ಚಲ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದಳು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಡಾಕ್ಟರು ಅವಳಿಗೆ ಬೈಯುವುದನ್ನು ಬಿಟ್ಟು ನಮಗೆಲ್ಲ ಬೈದರು. "ಇನ್ನೊಂದ್ಸಲ ಹಿಂಗೆ ಉಪವಾಸ ಬಿದ್ರೆ ನನ್ ಹತ್ರ ಕರ್ಕೊಂಡು ಬರ್ಬೇಡಿ" ಎಂದರು. ಅತ್ತೆಗೆ ಅದು ತಮಾಷೆಯಾಗಿತ್ತು. ನಾನು ಮಾತ್ರ ಎಷ್ಟೋ ದಿನ ಬೆಳಗಾಗುತ್ತಲೇ ಫೋನ್ ಮಾಡಿ, ತಿಂಡಿ ತಿಂದಳೋ ಇಲ್ಲವೋ ಎಂದು ವಿಚಾರಿಸುತ್ತಿದ್ದೆ.

ಹಾಗಿರುವಾಗ ಧರಣಣ್ಣನ ಮಗಳು ಮೇಘನಾಳ ಸೀಮಂತ ಬಂತು. ಚಳಿಗಾಲ, ಗಿಡ್ಡ ಹಗಲು. ಮೈಕಿನ ಮುಂದೆ ಹಾಡು ಪದ್ಮತ್ತೆಯದೇ, ತಬಲ ತಂಬೂರಿ ನನ್ನ ಲ್ಯಾಪ್‌ಟಾಪಿನದು. ಅತ್ತೆಗೆ ಬೇಗ ಹಾಡು ಎಂದು ಹೇಳುವ ಎದೆಗಾರಿಕೆ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಹೇಳದೆ ಮಾಡಿಸುವುದು ಹೇಗೆ ಎಂದು ಯೋಚಿಸಿ, ಮೂರನೆಯ ಗುಂಡಿಗೆ ಗಂಟು ಹಾಕಲು ಕೂತೆ. ತಿರುಗಿಸಿದಷ್ಟೂ ತಾಳದ ಓಟ ಹೆಚ್ಚಬೇಕು, ಆದರೆ ಬರಿಯ ಓಟ ಹೆಚ್ಚಿದರೆ ಅತ್ತೆಗೆ ಗೊತ್ತಾಗುತ್ತದೆ. ಅದಕ್ಕೆ ಜೊತೆಗೇ ತಬಲದ ಪೆಟ್ಟುಗಳು ದಟ್ಟವಾಗಬೇಕು, ಗೆಜ್ಜೆಯ ಸದ್ದು ಸ್ವಲ್ಪ ಮುಂದೆ ಬರಬೇಕು, ತಂಬೂರಿ ಹಿಂದೆ ಸರಿಯಬೇಕು. ಎಕೋ ಇಳಿಯಲೇಬೇಕು. ಎಕೋ ಹೆಚ್ಚಿದ್ದರೆ ಹಾಡುವವರು ತಮ್ಮ ದನಿಯನ್ನು ತಾವೇ ಕೇಳುತ್ತಾ ಕೂತುಬಿಡುತ್ತಾರೆ, ಇದು ನನ್ನ ಅನುಭವ. ಮೊದಲ ಪ್ರಯತ್ನದಲ್ಲಿ ಶ್ರುತಿಯನ್ನೂ ಅದೇ ಗಂಟಿಗೆ ಸೇರಿಸಿಬಿಟ್ಟಿದ್ದೆ. ತಿರುಗಿಸಿದರೆ ತಬಲ ಓಡಿತು, ತಂಬೂರಿ ಬೆಕ್ಕಿನ ಬಾಲ ತುಳಿದಂತೆ ಕಿರುಚಿತು, ನಿಜವಾದ ಬೆಕ್ಕು ಎದ್ದು ಹೊರಗೆ ಹೋಯಿತು. ಶ್ರುತಿಯನ್ನು ಬಿಚ್ಚಿ ಹೊರಗಿಟ್ಟೆ.

ಸೀಮಂತದ ದಿನ ಕೆಲಸ ಕೆಡಿಸಿದ್ದು ತೀರ್ಥಹಳ್ಳಿಯ ಬಸ್ಸು. ದಾರಿಯಲ್ಲಿ ಪಂಚರ್. ಅತ್ತೆ ಮಧ್ಯಾಹ್ನದ ಊಟದ ಪಂಕ್ತಿಗಳೆಲ್ಲ ಎದ್ದ ಮೇಲೆ ಬಂದಳು. ಬೆಳಿಗ್ಗೆ ಇಡ್ಲಿ ತಿಂದು ಹೊರಟವಳು, ಹೋಟೆಲಿನದು ಮುಟ್ಟುವವಳಲ್ಲ.

"ಒಂಚೂರು ಉಂಡ್ಕೊಂಡು ಕೂತ್ಕೋ ಅತ್ತೆ" ಎಂದೆ.

"ಹಾಡೋಕೆ ಮುಂಚೆ ಉಣ್ಣೋದಾ? ನಿಂಗೆ ಬುದ್ಧಿ ಇದ್ಯಾ ವಿಜಿ? ಎಲ್ಲಿ ಹುಡುಗಿ, ಕೂರ್ಸಿ ಅವಳ್ನ."

ಬಳೆ ತೊಡಿಸುವ ಶಾಸ್ತ್ರ ಮುಗಿದು ಹಾಡು ಶುರುವಾಗುವಾಗ ಬಿಸಿಲು ಆಗಲೇ ಹಳದಿಗೆ ತಿರುಗಿತ್ತು. ಅಜ್ಜ ತೀರಿಕೊಂಡ ಮೇಲೆ ಅವನ ಅಂಗಡಿ, ಓಣಿ, ಹಿಂದಿನ ಮನೆ ಎಲ್ಲ ಕೆಡವಿ ಧರಣಣ್ಣ ಅದೇ ಜಾಗದಲ್ಲಿ ಟೈಲ್ಸ್ ಹಾಕಿದ ದೊಡ್ಡ ಹಾಲ್ ಕಟ್ಟಿಸಿದ್ದಾನೆ, ಸೀಮಂತ ಅಲ್ಲೇ. ಓಣಿ ಇದ್ದ ಕಡೆ ಈಗ ಒಂದು ಬಾಗಿಲಿದೆ ಅಷ್ಟೆ. ಅವನು ನನ್ನ ಹತ್ತಿರ ಬಂದು ಕಿವಿಯಲ್ಲಿ ಉಸುರಿದ.

"ಮುಳುಗೋದ್ರೊಳಗೆ ಅತ್ತೆ ಎಲೆ ಮುಂದೆ ಕೂರ್ಬೇಕು, ಎಂತಾದ್ರೂ ಮಾಡು ಮಾರಾಯ್ತಿ. ಮೇನ್ ಸ್ವಿಚ್ ತೆಗೀಲಾ?"

"ಕರೆಂಟ್ ಹೋದ್ರೆ ತಬಲನೂ ಇಲ್ದೆ ಇನ್ನೂ ನಿಧಾನ ಆಗ್ತದೆ. ನೀನು ಸುಮ್ನೆ ಸೂರ್ಯನ್ನ ನೋಡ್ಕೋ."

ಅವನು ಪಡುವಣ ಕಿಟಕಿಯ ಬಳಿ ಮೊಬೈಲ್ ಹಿಡಿದು ನಿಂತ. ಮೊಬೈಲಿನಲ್ಲಿ ಸೂರ್ಯ ಮುಳುಗುವ ಹೊತ್ತು ಒಂದು, ಗುಡ್ಡ ಅಡ್ಡ ಬರುವುದರಿಂದ ಹೊಸನಗರದ ಪೇಟೆಯಲ್ಲಿ ಕಣ್ಣಿಗೆ ಕಾಣುವ ಹೊತ್ತು ಇನ್ನೊಂದು. ಯಾವುದನ್ನು ಹಿಡಿಯಬೇಕೆಂದು ನಮ್ಮ ಹಿರಿಯರಲ್ಲಿ ಎರಡು ಪಕ್ಷಗಳಿವೆ. ಪದ್ಮತ್ತೆ ಗುಡ್ಡದ ಪಕ್ಷ.

ಆನೆ ಬಂತು, ಎತ್ತು ಬಂತು. ನಾನು ಗುಂಡಿಯನ್ನು ಎಷ್ಟು ನಾಜೂಕಾಗಿ ತಿರುಗಿಸುತ್ತಿದ್ದೆನೆಂದರೆ, ಮಲಗಿದ ಮಗುವಿನ ಕೈಯಿಂದ ಗಿಲಕಿ ಬಿಡಿಸಿಕೊಳ್ಳುವವರೂ ಅಷ್ಟು ಜಾಗ್ರತೆ ಮಾಡಲಾರರು. ಒಂದು ಕೂದಲಿನಷ್ಟು ತಿರುವು, ಒಂದು ಸಾಲು ಕಾಯುವುದು, ಮತ್ತೊಂದು ಕೂದಲಿನಷ್ಟು. ನಡುನಡುವೆ ಅತ್ತೆ ನನ್ನ ಕಡೆ ನೋಡುತ್ತಿದ್ದಳು. ಕಳ್ಳತನ ಗೊತ್ತಾಯಿತೇನೋ ಎಂದು ನಾನು ತಲೆ ಇನ್ನಷ್ಟು ಬಗ್ಗಿಸಿ ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದೆ. ಸಿಂಹ, ಲಕ್ಷ್ಮಿ, ಹೂಮಾಲೆ, ಚಂದ್ರ. ಅತ್ತೆ ಮತ್ತೆ ನೋಡಿದಳು, ಈ ಸಲ ಹುಬ್ಬು ಏರಿಸಿ. ನಾನು ಹೆದರಿ ಗುಂಡಿಯನ್ನು ಒಂದಿಷ್ಟು ಹಿಂದಕ್ಕೇ ತಂದೆ.

ಹುಟ್ಟುವ ಸೂರ್ಯನ ಕನಸು ಬಂತು. ಹಾಡಿನಲ್ಲಿ ಸೂರ್ಯ ಏಳು ಕುದುರೆ ಕಟ್ಟಿಕೊಂಡು ಮೇಲೇರುತ್ತಿದ್ದ, ಕಿಟಕಿಯಾಚೆ ಗುಡ್ಡದ ನೆತ್ತಿಗೆ ಇಳಿಯುತ್ತಿದ್ದ. ಧರಣಣ್ಣ ನನ್ನ ಕಡೆ ತಿರುಗಿ ಎರಡು ಬೆರಳುಗಳ ನಡುವೆ ಉಳಿದ ಜಾಗ ತೋರಿಸಿದ. ಒಂದು ಹೋಳಿಗೆಯ ದಪ್ಪವೂ ಇರಲಿಲ್ಲ. ಅತ್ತೆ ಮೀನಿಗೆ ಬಂದಾಗ ಸೆರಗಿನಿಂದ ಹಣೆ ಒರೆಸಿಕೊಂಡಳು. ಆ ಚಳಿಯಲ್ಲೂ ಅವಳಿಗೆ ಬೆವರು. ನನ್ನ ಜಾಣತನ, ನನ್ನ ಗಂಟು, ನನ್ನ ಕೂದಲಿನಷ್ಟು ತಿರುವು ಎಲ್ಲ ಸೇರಿ ಅವಳನ್ನು ಮತ್ತೆ ಬಚ್ಚಲ ಬಳಿ ಬೀಳಿಸಲಿವೆ ಎನಿಸಿ ಅಳು ಬಂತು. ಕಲಶ ಮುಗಿಯಿತು, ತಾವರೆಯ ಕೊಳ ಮುಗಿಯಿತು, ಸಮುದ್ರಕ್ಕೆ ಬಂದೆವು. ಸಮುದ್ರದ ನುಡಿ ಮುಗಿದು ಹೆಂಗಸರು ಉಸಿರೆಳೆದುಕೊಳ್ಳುವ ಸಣ್ಣ ಬಿಡುವಿನಲ್ಲಿ, ಮೈಕಿನಲ್ಲಿ, ಅಜ್ಜ ಕೆಮ್ಮಿದ.

ಮೊದಲು ಗಿಡ್ಡದೊಂದು, ಅದರ ಬೆನ್ನಿಗೆ ಉದ್ದದೊಂದು, ಕೊನೆಗೆ ಆ 'ಹ್ಞಾಂ'.

ಧರಣಣ್ಣ ಮೊಬೈಲನ್ನು ಜೇಬಿಗೆ ತುರುಕಿ ನೆಟ್ಟಗೆ ನಿಂತ. ಅಡುಗೆಮನೆಯಲ್ಲಿ ಯಾರೋ ಕಾಫಿ ಪಾತ್ರೆ ಇಟ್ಟ ಸದ್ದಾಯಿತು, ನಿಜವಾಗಿಯೂ. ನನ್ನ ಬಲಗೈಯನ್ನು ನಾನು ಕೇಳಲಿಲ್ಲ, ಅದೂ ನನ್ನನ್ನು ಕೇಳಲಿಲ್ಲ. ಮೂರನೆಯ ಗುಂಡಿಯನ್ನು ಒಂದೇ ಏಟಿಗೆ ಕೊನೆಯವರೆಗೆ ತಿರುಗಿಸಿಬಿಟ್ಟಿತು.

ತಬಲ ಹುಚ್ಚೆದ್ದು ಓಡಿತು. ಗೆಜ್ಜೆ ಗಲಗಲಿಸಿತು. ಎಕೋ ಮಾಯವಾಯಿತು. ಅಯ್ಯೋ ಎಂದು ತಲೆಯೆತ್ತಿದರೆ, ಪದ್ಮತ್ತೆ ತೊಡೆ ತಟ್ಟಿಕೊಂಡು, ಕಣ್ಣರಳಿಸಿ, ಸಿಂಹಾಸನದ ಕನಸನ್ನು ಒಂದಕ್ಷರ ನುಂಗದೆ ಹಾಡುತ್ತಿದ್ದಾಳೆ! ಹಿಂದೆ ಹೇಳುವ ಹೆಂಗಸರು ಬಿದ್ದೂ ಎದ್ದೂ ಅವಳ ಬೆನ್ನು ಹತ್ತಿದರು. ವಿಮಾನ ಹಾರಿತು, ನಾಗಭವನ ದಾಟಿತು, ರತ್ನದ ರಾಶಿ ಸುರಿಯಿತು. ಮೇಘನಾ ಹೊಸ ಬಳೆಯ ಕೈಗಳಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, "ಒದೀತಿದೆ, ತಾಳಕ್ಕೇ ಒದೀತಿದೆ" ಎಂದು ಕೂಗಿದಳು. ಹೊಗೆಯಿಲ್ಲದ ಬೆಂಕಿ ಉರಿದು ಹಾಡು ಮುಗಿದಾಗ ಗುಡ್ಡದ ಮೇಲೆ ಕುಂಕುಮದಷ್ಟು ಸೂರ್ಯ ಇನ್ನೂ ಉಳಿದಿದ್ದ. ಧರಣಣ್ಣ ಅತ್ತೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಹೋಗಿ ಎಲೆಯ ಮುಂದೆ ಕೂರಿಸಿದ.

ಅತ್ತೆ ಮೊದಲು ಉಂಡಳು. ಮೊಸರನ್ನ ಮುಗಿಸಿ, ಮುಖಕ್ಕೆ ಬಣ್ಣ ಬಂದ ಮೇಲೆ, ಪಕ್ಕದಲ್ಲಿ ಕೂತಿದ್ದ ನಾನು ಧೈರ್ಯ ಮಾಡಿದೆ.

"ಅತ್ತೆ, ಎಂತಕ್ಕೆ ಹಂಗೆ ಕೆಮ್ಮಿದ್ದು?"

"ನೀನು ತಲೆ ಎತ್ತಿದ್ರೆ ನಾನ್ಯಾಕೆ ಕೆಮ್ತಿದ್ದೆ? ಆನೆ ಮುಗ್ದಾಗಿಂದ ಕಣ್ಣು ಮಾಡ್ತಿದೀನಿ, ಹುಬ್ಬು ಕುಣಿಸ್ತಿದೀನಿ. ನಂಗೆ ಹೊಟ್ಟೆ ಚುರುಚುರು ಅಂತಿದೆ, ನಿನ್ನ ತಬಲ ನೋಡಿದ್ರೆ ಬಸುರಿ ನಡೆದಂಗೆ ನಡೀತಿದೆ."

"ನೀನು ಯಾವಾಗ್ಲೂ ನಿಧಾನ ಹಾಡೋದಲ್ವಾ?"

"ನಾನಾ? ಹಿಂದೆ ಹೇಳೋರು ಎಳೀತಾರೆ ಕಣೆ. ಅವ್ರು ಮುಗಿಸ್ಲಿ ಅಂತ ನಾನು ಕಾಯ್ತೀನಿ."

ಎದುರು ಸಾಲಿನಲ್ಲಿ ಉಣ್ಣುತ್ತಿದ್ದ ಆ ಹೆಂಗಸರನ್ನು ಕೇಳಿದೆ. "ನಾವಾ? ಪದ್ಮಕ್ಕ ಎಳೀತಾಳೆ, ನಾವು ಅವಳ ಹಿಂದೆ ಹೋಗೋದು" ಎಂದರು ಒಕ್ಕೊರಲಿನಿಂದ. ಇಷ್ಟು ವರ್ಷ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಕೊಟ್ಟೇ ಎಲ್ಲರೂ ಹಸಿದಿದ್ದರು. ಅದಕ್ಕೆ ಮೇಲಿಂದ ನನ್ನ ಕೂದಲಿನಷ್ಟು ತಿರುವಿನ ಮರ್ಯಾದೆ ಬೇರೆ.

"ಕೆಮ್ಮು ಕೇಳಿ ನಾನು ಗುಂಡೀನ ಹಿಂದಕ್ಕೆ ತಿರುಗಿಸ್ಬಿಟ್ಟಿದ್ರೆ?" ಎಂದೆ.

ಅತ್ತೆ ನನ್ನನ್ನು ಕನಿಕರದಿಂದ ನೋಡಿದಳು. "ನೀನಾ? ಅಪ್ಪ ಕೆಮ್ಮಿದ್ರೆ ಮಗ್ಗಿ ಓಡಿಸ್ತಿದ್ದೋಳು ನೀನು. ನಿನ್ನ ಗುಂಡಿ ಯಾವ ಕಡೆ ತಿರುಗ್ತದೆ ಅಂತ ನಂಗೆ ಗೊತ್ತಿಲ್ವಾ?"

ನಾನು ಲ್ಯಾಪ್‌ಟಾಪಿನಲ್ಲಿ ಗಂಟು ಹಾಕಿದ್ದನ್ನು ಅವಳು ಒಂದು ಕೆಮ್ಮಿನಲ್ಲಿ ಮಾಡಿ ತೋರಿಸಿದ್ದಳು, ಅದೂ ನನ್ನ ಮೇಲೆಯೇ. ಸಿಟ್ಟು ಬರಬೇಕಿತ್ತು. ಎದುರಿಗೆ ಅವಳ ಎಲೆ ಖಾಲಿಯಾಗಿದ್ದದ್ದು ನೋಡಿ ಬರಿಯ ಸಂತೋಷವಾಯಿತು.

ಮೇಘನಾಗೆ ಹೆಣ್ಣು ಮಗು. ನಾಮಕರಣಕ್ಕೆ ಪದ್ಮತ್ತೆ ಬಸ್ಸಿಳಿದವಳೇ ಮೊದಲು ಕೇಳಿದ್ದು ಮಗುವನ್ನಲ್ಲ. "ಆ ಗುಂಡಿ ಪೆಟ್ಟಿಗೆ ತಂದಿದೀಯಾ? ಈ ಸಲ ನನ್ನ ಕೈಗೆ ಕೊಡು. ನೀನು ಸುಮ್ನೆ ಕೂತ್ಕೋ." ಕಣ್ಣು ಮಂಜು, ಗುಂಡಿ ಗುರುತು ಸಿಗಬೇಕಲ್ಲ? ಮೇಘನಾಳ ನೈಲ್ ಪಾಲಿಶ್ ತರಿಸಿ ಮೂರನೆಯದಕ್ಕೆ ಕೆಂಪು ಹಚ್ಚಿಸಿಕೊಂಡಳು.

ತೊಟ್ಟಿಲ ಹಾಡು ಶುರುವಾಯಿತು. ಅತ್ತೆಯ ಒಂದು ಕೈ ತೊಟ್ಟಿಲ ಹಗ್ಗದ ಮೇಲೆ, ಇನ್ನೊಂದು ಕೆಂಪು ಗುಂಡಿಯ ಮೇಲೆ. ಒಂದು ನುಡಿ ಮುಗಿಯುವುದರೊಳಗೆ ಅಧಿಕಾರದ ರುಚಿ ಹತ್ತಿತು. ಹಿಂದೆ ಹೇಳುವ ಹೆಂಗಸರತ್ತ ತುಂಟ ನಗು ನಕ್ಕು ಗುಂಡಿ ತಿರುಗಿಸಿದಳು, ಮತ್ತೂ ತಿರುಗಿಸಿದಳು. ಜೋಗುಳ ನಾಗಾಲೋಟಕ್ಕೆ ಬಿತ್ತು. ತಬಲದ ಜೊತೆಗೆ ತೊಟ್ಟಿಲೂ ಓಡಿತು. ಹೆಂಗಸರಿಗೆ ಏದುಸಿರು. ಮಲಗಬೇಕಾದ ಮಗು ಕಣ್ಣು ಪಿಳಿಪಿಳಿ ಬಿಟ್ಟು, ತನ್ನನ್ನು ಎಂಥವರ ಮನೆಯಲ್ಲಿ ಹುಟ್ಟಿಸಿದರಪ್ಪ ಎಂಬಂತೆ ತೊಟ್ಟಿಲಿನ ಅಂಚು ನೋಡುತ್ತಿತ್ತು. ಮೇಘನಾ ನನ್ನ ಕಡೆ ಕೈಮುಗಿದು ನೋಡಿದಳು.

ನಾನು ಅತ್ತೆಯ ಬೆನ್ನ ಹಿಂದೆ ಸರಿದು ನಿಂತೆ. ಬಚ್ಚಲಿನ ಅಭ್ಯಾಸ ಎಷ್ಟು ವರ್ಷವಾದರೂ ಗಂಟಲು ಬಿಟ್ಟಿರಲಿಲ್ಲ. ಗಿಡ್ಡದೊಂದು, ಉದ್ದದೊಂದು, ಹ್ಞಾಂ.

ಕೆಂಪು ಗುಂಡಿ ಸೊನ್ನೆಗೆ ಬಂತು. ತಬಲ ತಗ್ಗಿತು, ತಂಬೂರಿ ಮೇಲೆ ಬಂತು, ತೊಟ್ಟಿಲು ಮೆಲ್ಲಗಾಯಿತು. ಅತ್ತೆಯ ಹಾಡು ಸಾಲಿನ ನಡುವೆಯೇ ನಿಂತಿತು. ಅವಳು ಸೆರಗು ಸರಿಮಾಡಿಕೊಂಡು, ಮೊದಲು ಓಣಿ ಇದ್ದ ಕಡೆಯ ಬಾಗಿಲು ನೋಡಿದಳು. ಬಹಳ ಹೊತ್ತು ನೋಡಿದಳು. ನನ್ನ ಕಡೆ ತಿರುಗಿದ್ದು ಆಮೇಲೆ.